ಹೊಗೆಯಿಲ್ಲದ ಬಂಡಿಯನ್ನು ಊರಿನಿಂದ ಓಡಿಸಿದ ಕಥೆ

ಮುಂಬಯಿಯಲ್ಲಿ ಬಹುಕಾಲ ನೆಲೆಸಿದ ಕನ್ನಡಿಗರಿಗೆ ‘ದಾದರ್ ಟಿ.ಟಿ.’ ಅಪರಿಚಿತ ಹೆಸರಲ್ಲ. ಉಡುಪಿ ಹೋಟೆಲುಗಳಿಗೂ ಮೈಸೂರು ಅಸೋಸಿಯೇಷನ್ನಿಗೂ ಹೆಸರಾದ ಮಾಟುಂಗಾದಿಂದ ದಕ್ಷಿಣಕ್ಕೆ ತುಸು ದೂರ ಹೋದರೆ ಸಿಗುವ ದೊಡ್ಡ ವೃತ್ತ ಅದು. ದಾಖಲೆಗಳಲ್ಲಿ ಅದಕ್ಕೆ ಖೋದಾದಾದ್ ವೃತ್ತ ಎಂಬ ಹೆಸರಿದೆ. ಆದರೆ ಟ್ಯಾಕ್ಸಿ ಚಾಲಕರ ಬಾಯಲ್ಲಿ, ಬಸ್ಸಿನ ಕಂಡಕ್ಟರರ ಬಾಯಲ್ಲಿ ಇಂದಿಗೂ ಅದು ಟಿ.ಟಿ.ಯೇ. ಟಿ.ಟಿ. ಎಂದರೆ ಏನು ಎಂದು ಕೇಳಿದರೆ ಈಗಿನ ತಲೆಮಾರಿನ ಹಲವರು ಉತ್ತರಿಸಲು ತಡವರಿಸುತ್ತಾರೆ. ಅದು ಟ್ರಾಮ್ ಟರ್ಮಿನಸ್, ಅಂದರೆ ಟ್ರಾಮುಗಳ ಕೊನೆಯ ನಿಲ್ದಾಣ. 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರದಿಂದ ಹೊರಟ ಮುಂಬಯಿಯ ಕಟ್ಟಕಡೆಯ ಟ್ರಾಮು ಕಿಕ್ಕಿರಿದ ಜನರನ್ನು ಹೊತ್ತು ದಾದರನ್ನು ತಲುಪಿತು. ಬಂಡಿ ಹೋಯಿತು, ಹೆಸರು ಮಾತ್ರ ಉಳಿಯಿತು.

ಇಂದು ದೇಶದ ಪ್ರತಿಯೊಂದು ದೊಡ್ಡ ನಗರವೂ ವಿದ್ಯುತ್ತಿನಿಂದ ಓಡುವ ಸಾರ್ವಜನಿಕ ವಾಹನಗಳಿಗಾಗಿ ಸಾವಿರಾರು ಕೋಟಿ ರೂಪಾಯಿ ವೆಚ್ಚ ಮಾಡುತ್ತಿದೆ. ಗಾಳಿ ಕೆಟ್ಟಿದೆ, ಹೊಗೆ ತಗ್ಗಿಸಬೇಕು ಎಂಬುದು ಅದಕ್ಕೆ ಕೊಡುವ ಮೊದಲ ಕಾರಣ. ವಿಚಿತ್ರವೆಂದರೆ, ನೂರು ವರ್ಷಗಳ ಹಿಂದೆಯೇ ಮುಂಬಯಿ, ಕಲ್ಕತ್ತೆ, ಮದರಾಸು, ದೆಹಲಿ, ಕಾನ್ಪುರಗಳಲ್ಲಿ ಅಂಥ ವಾಹನ ಇತ್ತು. ಹೊಗೆ ಉಗುಳದ, ನೂರಾರು ಜನರನ್ನು ಅಗ್ಗದ ದರದಲ್ಲಿ ಒಯ್ಯುವ ಆ ಬಂಡಿಯನ್ನು ಊರುಗಳೇ ಕೈಯಾರೆ ಕಿತ್ತು ಹಾಕಿದವು. ಏಕೆ ಹೀಗಾಯಿತು? ಸಾರ್ವಜನಿಕ ಸಾರಿಗೆಯಿಂದ ಊರಿನ ಗಾಳಿ ಶುದ್ಧವಾಗುವುದು ನಿಜವೇ, ಆಗುವುದಾದರೆ ಯಾವಾಗ ಆಗುತ್ತದೆ ಎಂಬ ಪ್ರಶ್ನೆಗೂ ಈ ಇತಿಹಾಸದಲ್ಲಿ ಉತ್ತರವಿದೆ.

ಲದ್ದಿಯ ದಿನಗಳು

ವಾಹನಗಳಿಂದಾಗುವ ಮಾಲಿನ್ಯ ಮೋಟಾರಿನ ಜೊತೆಗೇ ಹುಟ್ಟಿತೆಂದು ಭಾವಿಸುವುದು ತಪ್ಪು. ಹತ್ತೊಂಬತ್ತನೆಯ ಶತಮಾನದ ನಗರಗಳು ಕುದುರೆಯ ಬಲದಿಂದ ಓಡುತ್ತಿದ್ದವು. ಒಂದು ಕುದುರೆ ದಿನಕ್ಕೆ ಹತ್ತು ಕಿಲೋಗೂ ಮಿಕ್ಕಿ ಲದ್ದಿ ಹಾಕುತ್ತದೆ. ಒಣಗಿದರೆ ಅದು ದೂಳು, ಮಳೆ ಬಂದರೆ ಕೆಸರು, ಎರಡೂ ಕಾಲದಲ್ಲಿ ನೊಣಗಳ ತವರು. ಕುದುರೆಗೆ ರೋಗ ಬಂದರೆ ಊರೇ ನಿಲ್ಲುತ್ತಿತ್ತು. 1872ರಲ್ಲಿ ಉತ್ತರ ಅಮೆರಿಕವನ್ನೆಲ್ಲ ವ್ಯಾಪಿಸಿದ ಕುದುರೆಗಳ ಜ್ವರದಿಂದಾಗಿ ಅಲ್ಲಿಯ ಅನೇಕ ನಗರಗಳಲ್ಲಿ ಕುದುರೆ ಟ್ರಾಮುಗಳು ವಾರಗಟ್ಟಲೆ ಸ್ಥಗಿತಗೊಂಡವು.

ಭಾರತದಲ್ಲಿ ಮೊದಲ ಕುದುರೆ ಟ್ರಾಮು ಓಡಿದ್ದು ಕಲ್ಕತ್ತೆಯಲ್ಲಿ, 1873ರ ಫೆಬ್ರುವರಿ 24ರಂದು, ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ. ನಷ್ಟ ತಾಳಲಾರದೆ ಅದು ಅದೇ ವರ್ಷದ ನವೆಂಬರಿನಲ್ಲಿ ನಿಂತುಹೋಯಿತು. 1880ರ ಕೊನೆಗೆ ಲಂಡನ್ನಿನಲ್ಲಿ ನೋಂದಣಿಯಾದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ ಬಂದ ಮೇಲೆಯೇ ಅಲ್ಲಿ ಹಳಿಗಳು ಸ್ಥಿರವಾಗಿ ನೆಲೆಯೂರಿದವು. ಮುಂಬಯಿಯಲ್ಲಿ 1874ರ ಮೇ 9ರಂದು ಕುದುರೆ ಟ್ರಾಮು ಆರಂಭವಾಯಿತು. ಅದನ್ನು ನಡೆಸುತ್ತಿದ್ದ ಸ್ಟರ್ನ್ಸ್ ಅಂಡ್ ಕಿಟ್ರೆಜ್ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವು. ಬೇಸಿಗೆಯ ಬಿಸಿಲಿನಲ್ಲಿ ಆ ಕುದುರೆಗಳ ತಲೆಗೆ ಟೋಪಿ ತೊಡಿಸುತ್ತಿದ್ದರಂತೆ. ಕಡಿಮೆಯೆಂದರೂ ದಿನಕ್ಕೆ ಒಂಬತ್ತು ಟನ್ ಲದ್ದಿ ಆ ಒಂದು ಲಾಯದ ಕುದುರೆಗಳಿಂದಲೇ ಊರಿನೊಳಗೆ ಬೀಳುತ್ತಿತ್ತು ಎಂದಾಯಿತು. ಅದಕ್ಕೆ ಜಟಕಾ, ಸಾರೋಟು, ಸರಕಿನ ಗಾಡಿಗಳ ಕುದುರೆಗಳನ್ನೂ ಎತ್ತುಗಳನ್ನೂ ಸೇರಿಸಿಕೊಂಡರೆ ಅಂದಿನ ಬೀದಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಆದರೂ ಕುದುರೆ ಟ್ರಾಮಿನಲ್ಲಿ ಒಂದು ಜಾಣತನವಿತ್ತು. ಕಲ್ಲುಹಾಸಿನ ರಸ್ತೆಯಲ್ಲಿ ಎಳೆಯುವುದಕ್ಕಿಂತ ಕಬ್ಬಿಣದ ಹಳಿಯ ಮೇಲೆ ಎಳೆಯುವುದು ಬಹಳ ಹಗುರ. ಅಷ್ಟೇ ಕುದುರೆಗಳು ಹಳಿಯ ಮೇಲೆ ಹಲವು ಪಟ್ಟು ಜನರನ್ನು ಎಳೆಯಬಲ್ಲವು. ಅಂದರೆ ತಲಾ ಪ್ರಯಾಣಿಕನಿಗೆ ಬೀಳುವ ಲದ್ದಿಯೂ ಕಡಿಮೆ. ‘ತಲಾ ಪ್ರಯಾಣಿಕನಿಗೆ ಎಷ್ಟು’ ಎಂಬ ಈ ಲೆಕ್ಕವೇ ಇಂದಿಗೂ ಸಾರ್ವಜನಿಕ ಸಾರಿಗೆಯ ಪರಿಸರ ಲಾಭವನ್ನು ಅಳೆಯುವ ಮೂಲ ಮಾನದಂಡ.

ತಂತಿಯಿಂದ ಇಳಿದ ಶಕ್ತಿ

1881ರಲ್ಲಿ ಬರ್ಲಿನ್ ಸಮೀಪದ ಲಿಖ್ಟರ್‌ಫೆಲ್ಡೆಯಲ್ಲಿ ವೆರ್ನರ್ ಫಾನ್ ಸೀಮೆನ್ಸ್ ಅವರ ಸಂಸ್ಥೆ ವಿದ್ಯುತ್ ಟ್ರಾಮನ್ನು ಓಡಿಸಿತು. 1888ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಇಡೀ ಊರಿನ ಟ್ರಾಮು ಜಾಲವನ್ನೇ ನಡೆಸಿ ತೋರಿಸಿದರು. ಅಲ್ಲಿಂದ ಮುಂದೆ ಕುದುರೆಯ ಕಾಲ ಮುಗಿಯಿತು.

ಈ ಹೊಸ ವಿದ್ಯೆ ಭಾರತಕ್ಕೆ ಬಂದ ವೇಗ ಅಚ್ಚರಿ ಹುಟ್ಟಿಸುತ್ತದೆ. ಮದರಾಸಿನಲ್ಲಿ ವಿದ್ಯುತ್ ಟ್ರಾಮು 1895ರಲ್ಲೇ ಬಂತು. ಸಾಮ್ರಾಜ್ಯದ ರಾಜಧಾನಿಯಾಗಿದ್ದ ಲಂಡನ್ನಿನ ಬೀದಿಗಳಲ್ಲಿ ವಿದ್ಯುತ್ ಟ್ರಾಮುಗಳು ನಿಯಮಿತವಾಗಿ ಓಡತೊಡಗಿದ್ದು 1901ರಲ್ಲಿ. ಕಲ್ಕತ್ತೆಗೆ 1902ರಲ್ಲಿ, ಮುಂಬಯಿಗೂ ಕಾನ್ಪುರಕ್ಕೂ 1907ರಲ್ಲಿ, ದೆಹಲಿಗೆ 1908ರಲ್ಲಿ ವಿದ್ಯುತ್ ಟ್ರಾಮು ಬಂದಿತು. ಮುಂಬಯಿಯಲ್ಲಂತೂ 1920ರಿಂದ ಎರಡು ಅಂತಸ್ತಿನ ಟ್ರಾಮುಗಳೂ ಓಡಿದವು.

ವಿದ್ಯುತ್ ಟ್ರಾಮು ಬೀದಿಯಲ್ಲಿ ಹೊಗೆ ಬಿಡುವುದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ತಡೆ, ಡಾಂಬರಿನ ಮೇಲೆ ರಬ್ಬರ್ ಟಯರ್ ಉರುಳುವಾಗ ಆಗುವ ತಡೆಯ ಒಂದು ಸಣ್ಣ ಪಾಲು ಮಾತ್ರ. ಆದ್ದರಿಂದ ಅಷ್ಟೇ ಭಾರವನ್ನು ಒಯ್ಯಲು ಕಡಿಮೆ ಶಕ್ತಿ ಸಾಕು. ಟಯರ್ ಸವೆತದಿಂದ ಏಳುವ ಸೂಕ್ಷ್ಮ ದೂಳೂ ಇಲ್ಲ. ನಿಜ, ವಿದ್ಯುತ್ತು ಎಲ್ಲಿಂದಲಾದರೂ ಬರಬೇಕಷ್ಟೆ. ಆರಂಭದಲ್ಲಿ ಅದು ಬಂದದ್ದು ಕಲ್ಲಿದ್ದಲು ಉರಿಸುವ ಸ್ಥಾವರಗಳಿಂದ. ಹಾಗಿದ್ದರೂ ಹೊಗೆಯನ್ನು ಸಾವಿರಾರು ಕೊಳವೆಗಳಿಂದ ಜನರ ಮೂಗಿನ ಮುಂದೆ ಬಿಡುವುದಕ್ಕೂ ಒಂದೇ ಎತ್ತರದ ಚಿಮಣಿಯಿಂದ ಬಿಡುವುದಕ್ಕೂ ವ್ಯತ್ಯಾಸವಿದೆ. ಒಂದೆಡೆ ಇರುವ ಹೊಗೆಯನ್ನು ಮುಂದೆ ಶೋಧಿಸಬಹುದು, ಮೂಲವನ್ನೇ ಬದಲಿಸಲೂಬಹುದು. ಮುಂಬಯಿಯಲ್ಲಿ ಆದದ್ದೂ ಹಾಗೆಯೇ. 1915ರಲ್ಲಿ ಪಶ್ಚಿಮ ಘಟ್ಟದ ತಪ್ಪಲಿನ ಖೋಪೋಲಿಯಿಂದ ಟಾಟಾ ಸಂಸ್ಥೆಯ ಜಲವಿದ್ಯುತ್ತು ನಗರವನ್ನು ತಲುಪಿತು. ಮುಂದೆ ಟ್ರಾಮು ಕಂಪನಿಯೂ ಆ ವಿದ್ಯುತ್ತನ್ನು ಕೊಳ್ಳತೊಡಗಿತು. ಘಟ್ಟದ ಮಳೆನೀರು ಮುಂಬಯಿಯ ಗುಮಾಸ್ತರನ್ನು ಕಚೇರಿಗೆ ತಲುಪಿಸಿತು ಎಂದರೆ ಅತಿಶಯೋಕ್ತಿಯಾಗದು.

ಲಂಡನ್ನಿನ ಒಂದು ವರ್ಷ

ಇಷ್ಟು ಗುಣಗಳಿದ್ದ ವಾಹನ ಬೇಡವಾದದ್ದು ಹೇಗೆ? 1931ರಲ್ಲಿ ಬ್ರಿಟನ್ನಿನ ಸಾರಿಗೆ ಕುರಿತ ರಾಯಲ್ ಆಯೋಗ, ಹೊಸ ಟ್ರಾಮು ಮಾರ್ಗಗಳನ್ನು ಹಾಕಬಾರದು, ಇರುವುದನ್ನು ಕ್ರಮೇಣ ತೆಗೆದು ಬೇರೆ ವಾಹನಗಳನ್ನು ತರಬೇಕು ಎಂದು ಶಿಫಾರಸು ಮಾಡಿತು. ಟ್ರಾಮು ರಸ್ತೆಯ ನಡುವೆ ಓಡುತ್ತದೆ, ಪಕ್ಕಕ್ಕೆ ಸರಿಯಲಾರದು, ಬೇರೆ ವಾಹನಗಳಿಗೆ ಅಡ್ಡಿಯಾಗುತ್ತದೆ ಎಂಬುದು ಆ ಕಾಲದಲ್ಲಿ ಅದರ ಮೇಲಿದ್ದ ಆರೋಪ. ಯುದ್ಧದಿಂದಾಗಿ ಈ ಕೆಲಸ ತಡವಾಯಿತಾದರೂ ನಿಲ್ಲಲಿಲ್ಲ. 1952ರ ಜುಲೈ ಮೊದಲ ವಾರದಲ್ಲಿ ಲಂಡನ್ನಿನ ಕೊನೆಯ ಟ್ರಾಮು ಓಡಿತು. ಜಾಗ ಹಿಡಿದದ್ದು ಡೀಸೆಲ್ ಬಸ್ಸು.

ಅದೇ ವರ್ಷದ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕವಿದ ಹೊಗೆಮಂಜು ಇತಿಹಾಸ ಪ್ರಸಿದ್ಧ. ಹಗಲಿನಲ್ಲೇ ಕೈ ಚಾಚಿದರೆ ಕೈ ಕಾಣದಂಥ ಮಬ್ಬು. ಬಸ್ಸಿನ ಮುಂದೆ ಕಂಡಕ್ಟರ್ ಪಂಜು ಹಿಡಿದು ನಡೆಯಬೇಕಾಯಿತು. ಕಡೆಗೆ ಬಸ್ಸುಗಳೂ ನಿಂತು, ನೆಲದಡಿಯ ರೈಲು ಮಾತ್ರ ಓಡಿತು. ಸುಮಾರು 4,000 ಜನ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ನಂತರದ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಏರಿಸಿವೆ.

ಟ್ರಾಮು ಇದ್ದಿದ್ದರೆ ಈ ಸಾವುಗಳು ತಪ್ಪುತ್ತಿದ್ದವು ಎನ್ನುವುದು ಸರಿಯಲ್ಲ. ಆ ಹೊಗೆಯ ಬಹುಪಾಲು ಬಂದದ್ದು ಮನೆಗಳ ಅಗ್ಗಿಷ್ಟಿಕೆ ಮತ್ತು ಕಾರ್ಖಾನೆಗಳ ಕಲ್ಲಿದ್ದಲಿನಿಂದ. ಡೀಸೆಲ್ ಬಸ್ಸುಗಳದ್ದು ಅದರೊಳಗೆ ಸಣ್ಣ ಪಾಲು. ಆದರೂ ಈ ಎರಡು ಘಟನೆಗಳು ಒಂದೇ ವರ್ಷದಲ್ಲಿ ನಡೆದದ್ದು ಗಮನಾರ್ಹ. ದುರಂತದ ಫಲವಾಗಿ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, ಚಿಮಣಿಗಳ ಹೊಗೆ ಇಳಿಯಿತು. ಅದೇ ದಶಕಗಳಲ್ಲಿ ರಸ್ತೆಯ ಹೊಗೆ ಏರುತ್ತ ಹೋಯಿತು. ಒಂದು ಕೈಯಿಂದ ಒರೆಸಿದ್ದನ್ನು ಇನ್ನೊಂದು ಕೈ ಮತ್ತೆ ಬಳಿಯಿತು.

ಅಪರಾಧಿ ಯಾರು?

ಅಮೆರಿಕದಲ್ಲಿ ಟ್ರಾಮುಗಳನ್ನು ಮೋಟಾರ್ ಕಂಪನಿಗಳು ಸಂಚು ಮಾಡಿ ಕೊಂದವು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿ ಹಲವು ಊರುಗಳ ಸಾರಿಗೆ ಸಂಸ್ಥೆಗಳನ್ನು ಕೊಂಡುಕೊಂಡಿತು. ಅದರ ಹಿಂದೆ ಜನರಲ್ ಮೋಟಾರ್ಸ್, ಫೈರ್‌ಸ್ಟೋನ್ ಮುಂತಾದವರ ಹಣವಿತ್ತು. ಆ ಸಂಸ್ಥೆಗಳಿಗೆ ಬಸ್ಸು, ಟಯರ್, ತೈಲ ಮಾರುವುದರಲ್ಲಿ ಏಕಸ್ವಾಮ್ಯ ಸಾಧಿಸಲು ಸಂಚು ಮಾಡಿದ್ದಕ್ಕಾಗಿ 1949ರಲ್ಲಿ ಷಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ಈ ಕಂಪನಿಗಳ ಅಪರಾಧ ಸಾಬೀತಾಯಿತು. ಜನರಲ್ ಮೋಟಾರ್ಸ್ ತೆತ್ತ ದಂಡ 5,000 ಡಾಲರ್. ಅದರ ಖಜಾಂಚಿಗೆ ವಿಧಿಸಿದ್ದು ಒಂದೇ ಒಂದು ಡಾಲರ್!

ಆದರೆ ಅಂಥ ಸಂಚು ಎಲ್ಲಿಯೂ ಕಾಣದ ಊರುಗಳಲ್ಲಿಯೂ ಟ್ರಾಮು ಸತ್ತಿತು. ಪ್ಯಾರಿಸ್ 1938ರ ಹೊತ್ತಿಗೆ ತನ್ನ ಟ್ರಾಮುಗಳನ್ನು ಮುಗಿಸಿತ್ತು. ಭಾರತದಲ್ಲಿ ಕಾನ್ಪುರ 1933ರಲ್ಲಿ, ಮದರಾಸು 1953ರಲ್ಲಿ, ದೆಹಲಿ 1963ರಲ್ಲಿ, ಮುಂಬಯಿ 1964ರಲ್ಲಿ ವಿದಾಯ ಹೇಳಿದವು. ಕಂಪನಿಗಳು ನಷ್ಟದಲ್ಲಿದ್ದವು, ಬಂಡಿಗಳು ಹಳತಾಗಿದ್ದವು, ಹಳಿಗಳ ದುರಸ್ತಿಗೆ ಹಣವಿರಲಿಲ್ಲ, ಬಸ್ಸು ಬೇಕಾದ ಕಡೆ ತಿರುಗಬಲ್ಲದು ಎಂಬ ಅನುಕೂಲವೂ ಇತ್ತು. ಈ ಕಾರಣಗಳೆಲ್ಲ ನಿಜ.

ಇವೆಲ್ಲದರ ಹಿಂದೆ ಇನ್ನೊಂದು ಕಾರಣವಿತ್ತು. ಟ್ರಾಮಿನ ಹಳಿ ಇದ್ದದ್ದು ರಸ್ತೆಯ ನಡುವೆ. ಕಾರು, ಲಾರಿಗಳು ಹೆಚ್ಚಿದಂತೆ ಅವು ಹಳಿಯ ಮೇಲೆ ನುಗ್ಗಿದವು. ಮುಂದೆ ಕಾರು ನಿಂತರೆ ಟ್ರಾಮು ನಿಲ್ಲಲೇಬೇಕು, ಪಕ್ಕಕ್ಕೆ ಸರಿದು ಹೋಗುವಂತಿಲ್ಲ. ಟ್ರಾಮು ತಡವಾಯಿತು, ತಡವಾದ್ದರಿಂದ ಜನ ಕಡಿಮೆಯಾದರು, ಜನ ಕಡಿಮೆಯಾದ್ದರಿಂದ ನಷ್ಟ ಹೆಚ್ಚಿತು. ಕಡೆಗೆ ‘ಟ್ರಾಮಿನಿಂದಲೇ ರಸ್ತೆ ಕಟ್ಟಿಕೊಳ್ಳುತ್ತಿದೆ’ ಎಂಬ ತೀರ್ಪು ಬಂತು. ನೂರು ಜನರಿದ್ದ ಬಂಡಿಗೆ ಇಬ್ಬರು ಕುಳಿತ ಕಾರು ಅಡ್ಡ ಬಂದರೂ ಅಡ್ಡಿಯೆಂಬ ಹೆಸರು ಬಂದದ್ದು ಟ್ರಾಮಿಗೆ! ದನದ ಹಟ್ಟಿಗೆ ನುಗ್ಗಿದ ಒಂಟೆಯೇ ಹಟ್ಟಿ ಇಕ್ಕಟ್ಟೆಂದು ದೂರಿದ ಹಾಗೆ.

ಮುಂಬಯಿ ಮಾತ್ರ ನಡುದಾರಿಯೊಂದನ್ನು ಪ್ರಯತ್ನಿಸಿತು. ತಂತಿಯಿಂದ ವಿದ್ಯುತ್ ಪಡೆದು ರಬ್ಬರ್ ಗಾಲಿಯ ಮೇಲೆ ಓಡುವ ಟ್ರಾಲಿ ಬಸ್ಸುಗಳನ್ನು 1962ರಲ್ಲಿ ತಂದಿತು. ಅವೂ 1971ಕ್ಕೆ ನಿಂತವು. ಅಲ್ಲಿಗೆ ಮುಂಬಯಿಯ ಬೀದಿಯಿಂದ ವಿದ್ಯುತ್ ಸಾರಿಗೆ ಪೂರ್ತಿ ಮರೆಯಾಯಿತು. ಮತ್ತೆ ವಿದ್ಯುತ್ ಬಸ್ಸು ಅಲ್ಲಿ ಕಾಣಿಸಿಕೊಳ್ಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಕಲ್ಕತ್ತೆಯ ಹಟ, ಕಲ್ಕತ್ತೆಯ ಸೋಲು

ಎಲ್ಲ ಊರುಗಳೂ ಕೈಬಿಟ್ಟ ಮೇಲೂ ಹಿಡಿದುಕೊಂಡದ್ದು ಕಲ್ಕತ್ತೆ. ಅಲ್ಲಿ ಟ್ರಾಮು ಕೇವಲ ವಾಹನವಾಗಿರಲಿಲ್ಲ. 1953ರಲ್ಲಿ ಎರಡನೆಯ ದರ್ಜೆಯ ಟಿಕೇಟಿಗೆ ಒಂದು ಪೈಸೆ ಏರಿಸಿದಾಗ ಊರಿಗೆ ಊರೇ ಬೀದಿಗಿಳಿದು ಪ್ರತಿಭಟಿಸಿತ್ತು. ಬಡ ಗುಮಾಸ್ತ, ವಿದ್ಯಾರ್ಥಿ, ತರಕಾರಿ ಮಾರುವಾಕೆ ಎಲ್ಲರಿಗೂ ಅದು ಜೀವನಾಡಿಯಾಗಿತ್ತು. 1943ರಲ್ಲಿ ಹೌರಾ ಸೇತುವೆ ಬಳಕೆಗೆ ಬಂದಾಗ ಅದನ್ನು ಮೊದಲು ದಾಟಿದ್ದೂ ಒಂದು ಒಂಟಿ ಟ್ರಾಮು. 1967ರಲ್ಲಿ ಸರ್ಕಾರ ಬ್ರಿಟಿಷ್ ಕಂಪನಿಯ ಆಡಳಿತವನ್ನು ವಹಿಸಿಕೊಂಡಿತು. 1976ರಲ್ಲಿ ಟ್ರಾಮು ಪೂರ್ಣವಾಗಿ ಸರ್ಕಾರದ್ದಾಯಿತು. 1980ರ ದಶಕದಲ್ಲಿ ಹೊಸ ಮಾರ್ಗಗಳನ್ನೂ ಹಾಕಲಾಯಿತು.

ಆದರೆ ಇಳಿಜಾರು ಆಗಲೇ ಆರಂಭವಾಗಿತ್ತು. ಹೌರಾ ಕಡೆಯ ಮಾರ್ಗಗಳು 1971ರಲ್ಲಿ ಮುಚ್ಚಿದವು. 1992ರಲ್ಲಿ ಟ್ರಾಮು ಕಂಪನಿಯೇ ಡೀಸೆಲ್ ಬಸ್ಸು ಓಡಿಸತೊಡಗಿತು. 1993ರಲ್ಲಿ, ಯಾವ ಸೇತುವೆಯನ್ನು ಟ್ರಾಮು ಎಲ್ಲರಿಗಿಂತ ಮೊದಲು ದಾಟಿತ್ತೋ ಅದೇ ಹೌರಾ ಸೇತುವೆಯಿಂದ ಅದನ್ನು ದೂರವಿಡಲಾಯಿತು. ಮುಂದೆ, ಪ್ರತ್ಯೇಕವಾಗಿದ್ದ ಹಳಿಯ ದಾರಿಗಳಿಗೂ ಕಾಂಕ್ರೀಟು ಹಾಕಿ ಎಲ್ಲ ವಾಹನಗಳಿಗೆ ತೆರೆಯಲಾಯಿತು. ಕಾರುಗಳು ಹಳಿಯ ಮೇಲೆ ಬಂದವು, ಟ್ರಾಮು ನಿಧಾನವಾಯಿತು. ಮುಂದಿನ ಕಥೆ ಲಂಡನ್ನು, ಮುಂಬಯಿಗಳ ಪುನರಾವರ್ತನೆ.

2023ರ ಫೆಬ್ರುವರಿಯಲ್ಲಿ ಕೋಲ್ಕತ್ತ ತನ್ನ ಟ್ರಾಮಿನ 150ನೆಯ ವರ್ಷವನ್ನು ಹೂವು, ಹಾಡುಗಳೊಂದಿಗೆ ಆಚರಿಸಿತು. ಒಂದೂವರೆ ವರ್ಷದ ನಂತರ, 2024ರ ಸೆಪ್ಟೆಂಬರಿನಲ್ಲಿ, ಮೈದಾನದಿಂದ ಎಸ್ಪ್ಲನೇಡ್‌ವರೆಗಿನ ಪಾರಂಪರಿಕ ಸವಾರಿಯೊಂದನ್ನು ಬಿಟ್ಟು ಉಳಿದ ಟ್ರಾಮುಗಳನ್ನು ನಿಲ್ಲಿಸುವುದಾಗಿ ರಾಜ್ಯದ ಸಾರಿಗೆ ಸಚಿವರು ಪ್ರಕಟಿಸಿದರು. ಕೊಟ್ಟ ಕಾರಣ, ಸಂಚಾರ ದಟ್ಟಣೆ. ಟ್ರಾಮಿನ ಪರವಾದ ನಾಗರಿಕರು ಅದಕ್ಕೆ ಮೊದಲೇ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ಚಳಿಗಾಲದಲ್ಲಿ ಗಾಳಿಯ ಗುಣಮಟ್ಟ ತೀವ್ರವಾಗಿ ಕುಸಿಯುವ ಊರೊಂದು ತನ್ನಲ್ಲಿ ಆಗಲೇ ಇದ್ದ ವಿದ್ಯುತ್ ವಾಹನವನ್ನು ಮ್ಯೂಸಿಯಮ್ಮಿಗೆ ಕಳುಹಿಸಲು ಹೊರಟದ್ದು ನಮ್ಮ ಕಾಲದ ವಿಪರ್ಯಾಸ.

ಒಂದು ಸಣ್ಣ ಲೆಕ್ಕ

ಹಾಗಾದರೆ ಟ್ರಾಮು ಇಲ್ಲದ ಊರಿನಲ್ಲಿ ಬಸ್ಸು ಸಾಲದೇ? ಖಂಡಿತ ಸಾಕು, ಕೆಲವು ಷರತ್ತುಗಳೊಂದಿಗೆ. ಒಂದು ಡೀಸೆಲ್ ಬಸ್ಸು ಲೀಟರಿಗೆ 4 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 40 ಜನರಿದ್ದರೆ ಒಬ್ಬನನ್ನು ಒಂದು ಕಿಲೋಮೀಟರು ಒಯ್ಯಲು ಖರ್ಚಾಗುವ ಇಂಧನ ಸುಮಾರು 6 ಮಿಲಿಲೀಟರು. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬನೇ ಹೋದರೆ ಅದೇ ಒಂದು ಕಿಲೋಮೀಟರಿಗೆ 67 ಮಿಲಿಲೀಟರು ಬೇಕು. ಇಬ್ಬರಿದ್ದರೆ ತಲಾ 33. ಲೀಟರಿಗೆ 45 ಕಿಲೋಮೀಟರು ಕೊಡುವ ಸ್ಕೂಟರಿನಲ್ಲಿ ಒಬ್ಬನಿದ್ದರೆ 22. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತುಂಬಿದ ಬಸ್ಸಿನ ಲಾಭ ಎಷ್ಟೆಂಬುದು ಇದರಿಂದಲೇ ಸ್ಪಷ್ಟ.

ಆದರೆ ಅದೇ ಬಸ್ಸಿನಲ್ಲಿ ಐದೇ ಜನರಿದ್ದರೆ? ತಲಾ 50 ಮಿಲಿಲೀಟರು. ಇಬ್ಬರು ಕುಳಿತ ಕಾರಿಗಿಂತ ಹೆಚ್ಚು! ಬಸ್ಸು ವಾಹನಗಳ ಜಂಗುಳಿಯಲ್ಲಿ ಸಿಕ್ಕಿ ನಿಂತು ನಿಂತು ಸಾಗಿದರೆ ಇಂಧನ ಇನ್ನೂ ಹೆಚ್ಚು ಸುಡುತ್ತದೆ. ಹಾಗಾಗಿ ಸಾರ್ವಜನಿಕ ಸಾರಿಗೆ ತನ್ನಷ್ಟಕ್ಕೆ ತಾನೇ ಗಾಳಿಯನ್ನು ಶುದ್ಧಗೊಳಿಸುವ ಯಂತ್ರವಲ್ಲ. ಅದು ಹೊತ್ತಿಗೆ ಸರಿಯಾಗಿ ಬರಬೇಕು, ತಡೆಯಿಲ್ಲದೆ ಸಾಗಬೇಕು. ಆಗ ಜನ ಹತ್ತುತ್ತಾರೆ. ಜನ ಹತ್ತಿದರೆ ಮಾತ್ರ ಹೊಗೆ ಇಳಿಯುತ್ತದೆ. ಇಂಧನ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಬರುವ ಪ್ರಶ್ನೆ ರಸ್ತೆ ಯಾರದು ಎಂಬುದು.

ದೆಹಲಿ ಕಲಿಸಿದ ಪಾಠ

ಇದಕ್ಕೆ ದೆಹಲಿಗಿಂತ ಒಳ್ಳೆಯ ನಿದರ್ಶನವಿಲ್ಲ. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರ ಜುಲೈನಲ್ಲಿ ಮಹತ್ವದ ಆದೇಶ ನೀಡಿತು. ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿ, ಅಂದರೆ ಒತ್ತಡದಲ್ಲಿ ತುಂಬಿದ ನೈಸರ್ಗಿಕ ಅನಿಲದಿಂದ ಓಡಬೇಕು ಎಂಬುದು ಅದರ ಪ್ರಸಿದ್ಧ ಭಾಗ. ಬಸ್ಸುಗಳ ಸಂಖ್ಯೆಯನ್ನು 2001ರ ಏಪ್ರಿಲ್ ಒಳಗೆ 10,000ಕ್ಕೆ ಏರಿಸಬೇಕು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿಯದ ಇನ್ನೊಂದು ಭಾಗ.

ಮೊದಲನೆಯದು ಗಲಾಟೆ, ಗಡುವು ವಿಸ್ತರಣೆಗಳ ನಡುವೆಯೂ 2002ರ ಕೊನೆಗೆ ಈಡೇರಿತು. ಬಸ್ಸುಗಳ ಕಪ್ಪು ಹೊಗೆ ನಿಂತಿತು, ಕೆಲ ಕಾಲ ಗಾಳಿಯೂ ಸುಧಾರಿಸಿತು. ಎರಡನೆಯದು ಗಡುವಿನೊಳಗೆ ಈಡೇರಲಿಲ್ಲ. ಅನೇಕ ವರ್ಷಗಳವರೆಗೆ ಮರೀಚಿಕೆಯಾಗಿಯೇ ಉಳಿಯಿತು. ಈ ನಡುವೆ ಖಾಸಗಿ ವಾಹನಗಳು ಲಕ್ಷಗಟ್ಟಲೆ ಹೆಚ್ಚಿದವು. ಸಿಎನ್‌ಜಿ ತಂದ ಲಾಭವನ್ನು ಅವು ಬಹುಮಟ್ಟಿಗೆ ನುಂಗಿಹಾಕಿದವು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ಸಿಗೆಂದೇ ಪ್ರತ್ಯೇಕ ದಾರಿ ಮಾಡಲಾಯಿತು. ಕಾರುಗಳಿಗೆ ಜಾಗ ಕಡಿಮೆಯಾಯಿತೆಂಬ ದೂರುಗಳ ಸುರಿಮಳೆಯಾಯಿತು. ಅದರ ವಿರುದ್ಧದ ಅರ್ಜಿಯನ್ನು ದೆಹಲಿ ಹೈಕೋರ್ಟು 2012ರಲ್ಲಿ ತಳ್ಳಿಹಾಕಿದರೂ 2016ರಲ್ಲಿ ಆ ದಾರಿಯನ್ನೇ ಕಿತ್ತು ಹಾಕಲಾಯಿತು. ದೆಹಲಿಯ ಟ್ರಾಮು ಸತ್ತದ್ದು 1963ರಲ್ಲಿ. ಅರ್ಧ ಶತಮಾನದ ನಂತರವೂ ತೀರ್ಪು ಬದಲಾಗಲಿಲ್ಲ.

ಮರಳಿ ಬಂದ ಹಳಿಗಳು

ಬೇರೆ ದಾರಿ ಹಿಡಿದ ಊರುಗಳೂ ಇವೆ. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನಲ್ಲಿ ಟ್ರಾಮುಗಳನ್ನು ನೆಲದಡಿಗೆ ಇಳಿಸುವ ಯೋಜನೆಯನ್ನು ಮತದಾರರು 1962ರಲ್ಲಿ ತಿರಸ್ಕರಿಸಿದರು. 1973ರಲ್ಲಿ ಭೂಗತ ರೈಲಿನ ಯೋಜನೆಯನ್ನೂ ಒಲ್ಲೆವೆಂದರು. ಟ್ರಾಮು ಬೀದಿಯ ಮೇಲೆಯೇ ಉಳಿಯಿತು; ಸಿಗ್ನಲುಗಳಲ್ಲಿ ಅದಕ್ಕೆ ಮೊದಲ ಹಕ್ಕು ದೊರೆಯಿತು. ಇಂದು ಜ್ಯೂರಿಕ್‌ನ ಟ್ರಾಮು ಸಮಯಪಾಲನೆಗೆ ಲೋಕಪ್ರಸಿದ್ಧ. ಟ್ರಾಮು ಕಿತ್ತಿದ್ದ ಫ್ರಾನ್ಸಿನ ನಾಂತ್ 1985ರಲ್ಲಿ ಮತ್ತೆ ಹಳಿ ಹಾಕಿತು. ಸ್ಟ್ರಾಸ್‌ಬರ್ಗ್‌ನಲ್ಲಿ 1989ರ ಚುನಾವಣೆಯಲ್ಲಿ ಇದೇ ದೊಡ್ಡ ಪ್ರಶ್ನೆಯಾಗಿತ್ತು. ಟ್ರಾಮಿನ ಪರವಾಗಿ ನಿಂತ ಕ್ಯಾಥರಿನ್ ತ್ರೋಟ್‌ಮನ್ ಮೇಯರ್ ಆಗಿ ಗೆದ್ದರು, ಊರಿನ ನಡುಭಾಗವನ್ನು ಹಾದುಹೋಗುವ ಕಾರುಗಳಿಗೆ ಮುಚ್ಚಿದರು, 1994ರಲ್ಲಿ ಟ್ರಾಮು ಓಡಿಸಿದರು. ಲಂಡನ್ನಿಗೂ 2000ದಲ್ಲಿ ಕ್ರಾಯ್ಡನ್ ಬಳಿ ಟ್ರಾಮು ಮರಳಿತು. ಇಲ್ಲೆಲ್ಲ ಬದಲಾದದ್ದು ಬಂಡಿಯ ತಂತ್ರಜ್ಞಾನ ಮಾತ್ರವಲ್ಲ, ರಸ್ತೆಯ ಹಂಚಿಕೆ.

ಕರ್ನಾಟಕಕ್ಕೂ ಈ ಮಾತು ಅನ್ವಯಿಸುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿ ದೀಪಗಳನ್ನು ಬೆಳಗಿಸಿಕೊಂಡ ಬೆಂಗಳೂರಿನಲ್ಲಿ ಟ್ರಾಮು ಓಡಲಿಲ್ಲ; ಅದು ಜಟಕಾದಿಂದ ನೇರವಾಗಿ ಬಸ್ಸಿಗೆ ಬಂದ ಊರು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ, 1956ರಲ್ಲಿ ಸರ್ಕಾರಿ ಒಡೆತನದ ಬಿ.ಟಿ.ಎಸ್., 1997ರಲ್ಲಿ ಬಿ.ಎಂ.ಟಿ.ಸಿ. ಹೀಗೆ ಹೆಸರುಗಳು ಬದಲಾದವು. 2011ರ ಅಕ್ಟೋಬರಿನಲ್ಲಿ ಮೆಟ್ರೊ ಬಂತು. ಈಗ ವಿದ್ಯುತ್ ಬಸ್ಸುಗಳೇ ಸಾವಿರಕ್ಕೂ ಹೆಚ್ಚಿವೆ. ಆದರೆ ಊರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿ ಮುಂದೆ ಹೋಗಿದೆ. ವಿದ್ಯುತ್ ಬಸ್ಸಾದರೂ ಈ ಕೋಟಿ ವಾಹನಗಳ ನಡುವೆ ಸಿಕ್ಕಿಕೊಂಡರೆ ಅದರ ಗತಿ ಕಲ್ಕತ್ತೆಯ ಟ್ರಾಮಿನದೇ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಆದ್ಯತೆಯ ಪಥ ಗುರುತಿಸಿದಾಗ ಪ್ರಯಾಣದ ಸಮಯ ಉಳಿಯುತ್ತದೆಂಬ ಆಸೆ ಚಿಗುರಿತ್ತು. ನೆಟ್ಟ ಕಂಬಗಳಿಗೆ ವಾಹನಗಳು ಗುದ್ದಿದವು, ಮೆಟ್ರೊ ಕಾಮಗಾರಿ ಬಂದ ಮೇಲೆ ಪಥವೂ ಅಳಿಸಿಹೋಯಿತು. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರಿನ ಬಸ್ ಪಥ 2018ರಿಂದ ಬಳಕೆಯಲ್ಲಿದೆ. ಬಸ್ಸಿಗೆ ತನ್ನದೇ ದಾರಿ ಕೊಟ್ಟ ರಾಜ್ಯದ ಮೊದಲ ಪ್ರಯೋಗ ಅದು. ಎರಡು ಬಸ್ಸುಗಳ ನಡುವೆ ಆ ದಾರಿ ಖಾಲಿ ಕಾಣುತ್ತದೆ ನಿಜ. ಆದರೆ ಖಾಲಿ ಇರುವುದರಿಂದಲೇ ಮುಂದಿನ ಬಸ್ಸು ಹೊತ್ತಿಗೆ ಸರಿಯಾಗಿ ಬರಲು ಸಾಧ್ಯ.

ಕೆಲ ವರ್ಷಗಳ ಹಿಂದೆ ಮುಂಬಯಿಯ ಫ್ಲೋರಾ ಫೌಂಟನ್ ಬಳಿ ನೆಲ ಅಗೆದಾಗ ಹಳೆಯ ಟ್ರಾಮಿನ ಹಳಿಗಳು ಹೊರಬಂದವು. ಜನ ನಿಂತು ನೋಡಿದರು, ಛಾಯಾಚಿತ್ರ ತೆಗೆದುಕೊಂಡರು. ಅದೇ ಜಾಗದ ಕೆಳಗೆ, ಬಹಳ ಆಳದಲ್ಲಿ, ಈಗ ಮೆಟ್ರೊ ಸುರಂಗವಿದೆ. ಮೇಲಿನ ರಸ್ತೆಯನ್ನು ಕಾರುಗಳಿಗೆ ಬಿಟ್ಟುಕೊಟ್ಟ ಊರು, ತನ್ನ ಜನರನ್ನು ಹೊಗೆಯಿಲ್ಲದ ಬಂಡಿಯಲ್ಲಿ ಒಯ್ಯಲು ನೆಲದಡಿ ದಾರಿ ಕೊರೆಯಬೇಕಾಯಿತು. ಅದಕ್ಕೆ ತೆತ್ತ ಸಾವಿರಾರು ಕೋಟಿಯಲ್ಲಿ ಒಂದಷ್ಟು ಪಾಲನ್ನು 1964ರಲ್ಲಿ ಹಳಿ ಕಿತ್ತದ್ದರ ಬಾಕಿ ಎಂದೇ ಲೆಕ್ಕಕ್ಕೆ ಬರೆದುಕೊಳ್ಳಬೇಕು.